ಮರುದೇವಕ್ಕನ ಬಿಳಿ ಕಲ್ಲು

ನಮ್ಮ ಅಡಿಗೆಮನೆಗೆ ಬಿಳಿ ಅಮೃತಶಿಲೆ ಬಂದ ದಿನ ಚನ್ನರಾಯಪಟ್ಟಣದ ನಮ್ಮ ಬೀದಿಯ ಹೆಂಗಸರು ಯಾರೂ ಅವರವರ ಮನೆಯಲ್ಲಿರಲಿಲ್ಲ. ಎಲ್ಲರೂ ನಮ್ಮ ಜಗಲಿಯ ಮೇಲಿದ್ದರು. ಎತ್ತಿನ ಗಾಡಿಯಿಂದ ಕಲ್ಲು ಇಳಿಸುವಾಗ ಎದುರುಮನೆ ಜ್ವಾಲಾಮಾಲಿನಿ ಬಾಯಿಗೆ ಅಡ್ಡ ಇಟ್ಟುಕೊಂಡ ಕೈಯನ್ನು ತೆಗೆಯಲೇ ಇಲ್ಲ.

"ಅಯ್ಯಯ್ಯೋ, ಇದು ಬಸದಿಗೆ ಹಾಕೋ ಕಲ್ಲಲ್ವೇನ್ರೇ! ಇದರ ಮೇಲೆ ಪಡವಲಕಾಯಿ ಹೆಚ್ತೀರಾ?"

"ಹೆಚ್ತೀವಿ. ನಿಂಗೂ ನಾಲ್ಕು ಹೋಳು ಕಳಿಸ್ತೀವಿ, ಸುಮ್ನಿರು," ಎಂದೆ ನಾನು. ನನ್ನ ಬಾಯಿ ಅಂಥದ್ದು. ಆದರೆ ಒಳಗೊಳಗೆ ನನಗೂ ಅದೇ ಅನುಮಾನ. ಯಾರಾದರೂ ಅಡಿಗೆಮನೆಗೆ ಬಿಳಿ ಕಲ್ಲು ಹಾಕುತ್ತಾರೆಯೇ? ಅರಿಶಿನ, ಹುಣಿಸೆಹಣ್ಣು, ಎಣ್ಣೆ, ಮಸಿ ಎಲ್ಲ ಓಡಾಡುವ ಜಾಗ ಅದು.

ನಾನು ವಸಂತಮ್ಮ, ಆ ಮನೆಯ ಕಿರಿಯ ಸೊಸೆ. ಕಲ್ಲು ತರಿಸಿದವಳು ನನ್ನ ಓರಗಿತ್ತಿ ಮರುದೇವಕ್ಕ, ಹಿರಿಯ ಸೊಸೆ. ಅವಳ ಗಂಡ ಆದಿರಾಜಯ್ಯ ನನಗೆ ಭಾವ. ಪೇಟೆಯಲ್ಲಿ ಹಿತ್ತಾಳೆ ಪಾತ್ರೆಯ ಅಂಗಡಿ ಇಟ್ಟಿದ್ದರು. ಪಾತ್ರೆ ಮಾರಿ ಮಾರಿ ಅವರ ಗಂಟಲೂ ಕಂಚಿನದಾಗಿತ್ತು, ಅವರು ಮಾತಾಡಿದರೆ ಹಿತ್ತಿಲಿನವರೆಗೂ ಕೇಳುತ್ತಿತ್ತು. ಅಕ್ಕನ ದನಿ ಪಕ್ಕದಲ್ಲಿ ಕೂತವರಿಗೂ ಕೇಳುತ್ತಿರಲಿಲ್ಲ.

ಅಕ್ಕ ಹೊಳೆನರಸೀಪುರದ ಕಡೆಯವಳು. ಮದುವೆಯಾಗಿ ಬಂದಾಗಿನಿಂದ ಅವಳಿಗಿದ್ದದ್ದು ಒಂದೇ ಆಸೆ, ತಾನು ಮಾಡಿದ ಅಡಿಗೆಯನ್ನು ಮುನಿಗಳಿಗೆ ಬಡಿಸಬೇಕು ಎಂದು. ಶ್ರವಣಬೆಳಗೊಳಕ್ಕೆ ನಡೆದುಹೋಗುವ ದಿಗಂಬರ ಮುನಿಗಳು ನಮ್ಮ ಊರಿನ ಬಸದಿಯಲ್ಲಿ ತಂಗುತ್ತಾರೆ. ಅವರು ಉಣ್ಣುವುದು ದಿನಕ್ಕೆ ಒಂದೇ ಹೊತ್ತು, ಅದೂ ನಿಂತುಕೊಂಡು, ಬೊಗಸೆಯಲ್ಲಿ. ಬೆಳಿಗ್ಗೆ ಅವರು ಬೀದಿಗೆ ಬಂದಾಗ ಗೃಹಸ್ಥರು ಕಲಶ ಹಿಡಿದು ಬಾಗಿಲಲ್ಲಿ ನಿಲ್ಲುತ್ತಾರೆ. ಮುನಿಗಳು ಮುಂದೆ ಬಂದು ನಿಂತರೆ ಮನಸ್ಸು ಶುದ್ಧ, ಮಾತು ಶುದ್ಧ, ಕಾಯ ಶುದ್ಧ, ಆಹಾರ ಜಲ ಶುದ್ಧ ಎಂದು ಬಾಯಿಬಿಟ್ಟು ಹೇಳಬೇಕು. ಹೇಳಿದರೆ ಒಳಗೆ ಬರುತ್ತಾರೆ. ಆ ಕೊನೆಯ ಮಾತನ್ನು ಮಾತ್ರ ಅಡಿಗೆ ಮಾಡಿದವಳೇ ಹೇಳಬೇಕು ಎಂಬುದು ನಮ್ಮ ಅತ್ತೆ ಮನೆಯಲ್ಲಿ ಹಾಕಿಟ್ಟ ಪದ್ಧತಿ. ಅತ್ತೆ ಇರುವಷ್ಟು ದಿನ ಅವರೇ ಅಡಿಗೆ ಮಾಡಿದರು, ಅವರೇ ಹೇಳಿದರು. ಅಕ್ಕ ಒಲೆ ಊದಿದಳು. ಅತ್ತೆ ತೀರಿಕೊಂಡು ಇನ್ನೇನು ಅಕ್ಕನ ಸರದಿ ಬಂತು ಎನ್ನುವಾಗ ಅವಳ ಮಂಡಿ ಹೋಯಿತು. ನೆಲದ ಒಲೆಯ ಮುಂದೆ ಕೂತರೆ ಏಳಿಸುವುದಕ್ಕೆ ನಾನು ಹೋಗಬೇಕು. ಹಾಸನದ ಡಾಕ್ಟರು ಇನ್ನು ಕುಕ್ಕರುಗಾಲಲ್ಲಿ ಕೂರಲೇಬಾರದು ಎಂದುಬಿಟ್ಟರು.

ಅದಕ್ಕೇ ಅರವತ್ತೆರಡರಲ್ಲೋ ಅರವತ್ತಮೂರರಲ್ಲೋ ನಮ್ಮ ಮನೆಗೆ ನಿಂತು ಅಡಿಗೆ ಮಾಡುವ ಕಟ್ಟೆ ಬರಬೇಕಾಯಿತು. ಭಾವ ಹಾಸನದಲ್ಲಿ ಯಾರೋ ಆಫೀಸರ ಮನೆಯಲ್ಲಿ ನೋಡಿ ಬಂದಿದ್ದರು.

"ಕಡಪ ಕಲ್ಲು ಹಾಕಿಸೋಣ. ಕರೀ ಕಲ್ಲು. ಪಾಲಿಶ್ ಕೊಟ್ರೆ ಮುಖ ನೋಡ್ಕೋಬೋದು. ಕೊಳೆ ಬಿದ್ರೂ ಕಾಣಲ್ಲ," ಎಂದರು.

ಗಾರೆ ಕೆಲಸದ ಲಕ್ಕಯ್ಯ ತಲೆ ಕೆರೆದುಕೊಂಡ. "ಕೆಂಪು ಗಾರೆ ಮಾಡ್ಬುಡ್ತೀನಿ ಸಾ. ತಿಕ್ಕಿ ತಿಕ್ಕಿ ಕನ್ನಡಿ ಅಂಗೆ ಮಾಡ್ಕೊಡ್ತೀನಿ. ಕಲ್ಲು ಯಾಕ್ ತತ್ತೀರಿ ಸುಮ್ಕೆ?"

ಬಾಗಿಲ ಮರೆಯಲ್ಲಿ ನಿಂತಿದ್ದ ಅಕ್ಕ ಹೇಳಿದಳು, "ನಾನೇ ಹಾಸನಕ್ಕೆ ಹೋಗಿ ಕಲ್ಲು ನೋಡ್ತೀನಿ."

ಭಾವನ ಕೈಯಲ್ಲಿದ್ದ ಕಷಾಯ ಪಂಚೆಯ ಮೇಲೆ ಚೆಲ್ಲಿತು. ಹೆಂಗಸರು ಸೀರೆ ನೋಡಲು ಹೋಗುತ್ತಾರೆ, ಬಳೆ ನೋಡಲು ಹೋಗುತ್ತಾರೆ. ಚಪ್ಪಡಿ ನೋಡಲು ಹೋದವರನ್ನು ನಮ್ಮ ಬೀದಿ ಕಂಡಿರಲಿಲ್ಲ. ಅಷ್ಟು ಹೊತ್ತಿಗೆ ನಾನು ಒಳಗೆ ಹೋಗಿ ಒಳ್ಳೆಯ ಸೀರೆ ಹುಡುಕುತ್ತಿದ್ದೆ. ಇಂಥ ತಮಾಷೆ ಬಿಡುವವಳೇ ನಾನು?

ಹಾಸನದಲ್ಲಿ ರೈಲ್ವೆ ಸ್ಟೇಷನ್ ಹತ್ತಿರ ಪರಮಶಿವಯ್ಯ ಎನ್ನುವವರ ಕಲ್ಲಿನ ಮಂಡಿ. ಕಲ್ಲುಗಳನ್ನು ಗೋಡೆಗೆ ಒರಗಿಸಿ ನಿಲ್ಲಿಸಿದ್ದರು. ಅಕ್ಕ ಅವುಗಳನ್ನು ಒಂದೊಂದಾಗಿ ನೆಲಕ್ಕೆ ಮಲಗಿಸಲು ಹೇಳಿದಳು. ಆಮೇಲೆ ಸೆರಗಿನ ಗಂಟು ಬಿಚ್ಚಿದಳು. ನೋಡಿದರೆ ಒಂದಿಷ್ಟು ಸಾಸಿವೆ, ಒಂದಿಷ್ಟು ರಾಗಿ! ಚಿಟಿಕೆ ಚಿಟಿಕೆ ತೆಗೆದು ಕಲ್ಲಿನ ಮೇಲೆ ಉದುರಿಸಿ, ಬಗ್ಗಿ ನೋಡತೊಡಗಿದಳು.

"ಏನ್ ತಾಯಿ, ಪೂಜೆ ಗೀಜೆ ಮಾಡ್ತಿದೀರಾ?" ಎಂದರು ಪರಮಶಿವಯ್ಯ, ಕಣ್ಣು ಕಣ್ಣು ಬಿಟ್ಟುಕೊಂಡು.

ನಾನೂ ಬಾಯಿ ಬಿಟ್ಟುಕೊಂಡೇ ನಿಂತಿದ್ದೆ. ಅಕ್ಕ ನನ್ನ ಕಿವಿಯ ಹತ್ತಿರ ಬಂದು ಹೇಳಿದಳು, "ಕಪ್ಪಿರುವೆ ಬದಲು ಸಾಸಿವೆ, ಕೆಂಪಿರುವೆ ಬದಲು ರಾಗಿ ಕಣೆ. ಹುಳ ಬಿದ್ರೆ ಯಾವ ಕಲ್ಲಿನ ಮೇಲೆ ಕಾಣತ್ತೆ ನೋಡು."

ಕಡಪ ಕಲ್ಲಿನ ಮೇಲೆ ಸಾಸಿವೆ ಎಲ್ಲಿ ಹೋಯಿತೋ ತಿಳಿಯಲಿಲ್ಲ. ಅಲ್ಲೇ ಬಿದ್ದಿದ್ದ ಕೆಂಪು ಗಾರೆಯ ಚೂರಿನ ಮೇಲೆ ರಾಗಿ ಮಾಯವಾಯಿತು. ಚುಕ್ಕೆ ಚುಕ್ಕೆಯ ಮೊಸಾಯಿಕ್ ಮೇಲೆ ಎರಡೂ ಇಲ್ಲ. ಕೊನೆಗೆ ಮೂಲೆಯಲ್ಲಿ ಗೋಣಿಚೀಲದಡಿ ಇದ್ದ ಬಿಳಿ ಅಮೃತಶಿಲೆ. ಯಾರೋ ಸಾಹುಕಾರರು ದೇವರಮನೆಗೆಂದು ರಾಜಸ್ಥಾನದಿಂದ ತರಿಸಿದ್ದರಲ್ಲಿ ಮಿಕ್ಕಿದ್ದಂತೆ. ಅದರ ಮೇಲೆ ಒಂದೊಂದು ಕಾಳೂ ಎದ್ದು ಕಂಡಿತು.

"ಬಿಳೀ ಹುಳ ಬಂದ್ರೆ ಏನ್ ಮಾಡ್ತೀಯ?" ಎಂದು ಕೆಣಕಿದೆ.

"ಅದಕ್ಕೆ ಕರೀ ತಟ್ಟೆ ಇಟ್ಕೋತೀನಿ," ಎಂದಳು. ತಮಾಷೆಗೆ ಹೇಳಿದಳೋ ನಿಜಕ್ಕೆ ಹೇಳಿದಳೋ ಅವಳ ಮುಖ ನೋಡಿದರೆ ತಿಳಿಯುತ್ತಿರಲಿಲ್ಲ.

ಮನೆಯಲ್ಲಿ ಭಾವ ಕೂಗಾಡಿದರು. ಅರಿಶಿನ ಬಿದ್ದರೆ? ಒರೆಸುತ್ತೇನೆ. ಹುಣಿಸೆರಸ ಬಿದ್ದರೆ ಕಲ್ಲನ್ನೇ ತಿಂದುಹಾಕುತ್ತದಂತೆ! ಬೀಳದ ಹಾಗೆ ನೋಡಿಕೊಳ್ಳುತ್ತೇನೆ. ಜನ ಏನಂತಾರೆ? ಅದಕ್ಕೆ ಉತ್ತರ ನಾನು ಕೊಟ್ಟೆ. "ಜನ ಬಂದು ನಮ್ಮನೇಲಿ ಅಡಿಗೆ ಮಾಡ್ತಾರಾ ಭಾವ?" ಎಂದೆ. ಹೆಂಡತಿ ಅಷ್ಟು ಮಾತಾಡಿದ್ದನ್ನು ಭಾವ ಮದುವೆಯಾದಾಗಿನಿಂದ ಕೇಳಿರಲಿಲ್ಲ. ಆ ದಿಗಿಲಿನಲ್ಲೇ ಒಪ್ಪಿಕೊಂಡರು.

ಲಕ್ಕಯ್ಯ ಪೂರ್ವದ ಗೋಡೆ ಒಡೆದು ದೊಡ್ಡ ಕಿಟಕಿ ಇಟ್ಟ. ಸೊಂಟದೆತ್ತರಕ್ಕೆ ಕಟ್ಟೆ ಕಟ್ಟಿ, ಒಂದು ಕೊನೆಯಲ್ಲಿ ಇಟ್ಟಿಗೆಯ ಸೌದೆ ಒಲೆ ಏರಿಸಿ, ಉಳಿದಷ್ಟಕ್ಕೂ ಬಿಳಿ ಕಲ್ಲು ಕೂರಿಸಿದ. ಹಾಲುಕ್ಕಿಸುವ ದಿನ ಬೆಳಿಗ್ಗೆ ನಾನು ಹಿತ್ತಿಲಲ್ಲಿ ನೀರು ಸೋಸುತ್ತಿದ್ದೆ.

"ವಸಂತಾ!"

ಅಕ್ಕನ ಆ ಕೂಗನ್ನು ನಾನು ಎಂದೂ ಕೇಳಿರಲಿಲ್ಲ. ಸೀರೆಗೆ ಬೆಂಕಿ ಹತ್ತಿತು ಎಂದೇ ತಿಳಿದು ಕೊಡ ಅಲ್ಲೇ ಬಿಟ್ಟು ಓಡಿದೆ. ಒಲೆ ಇನ್ನೂ ಹತ್ತಿಸಿರಲಿಲ್ಲ. ಅಕ್ಕ ಕೈಯಲ್ಲಿ ಒಂದು ಸೌದೆ ಹಿಡಿದು ನಿಂತಿದ್ದಳು. ಕಲ್ಲಿನ ಮೇಲೆ ಕಿಟಕಿಯ ಬಿಸಿಲು ಬಿದ್ದಿತ್ತು. ಆ ಬಿಸಿಲಿನಲ್ಲಿ ಕಲ್ಲು ಹರಿದಾಡುತ್ತಿತ್ತು.

ಅಬ್ಬಬ್ಬಾ! ಇರುವೆ, ಇರುವೆಯ ಮೊಟ್ಟೆ, ಸೌದೆ ಕೊರೆಯುವ ಸಣ್ಣ ಹುಳ, ಎಳ್ಳಿನಷ್ಟು ಗಾತ್ರದ ಜೇಡದ ಮರಿಗಳು. ಒಂದೇ ಒಂದು ಸೌದೆ ಕುಟ್ಟಿದ್ದಕ್ಕೆ!

"ಇದೇನಕ್ಕಾ ಇದು? ನಾವು ಯಾವಾಗಲೂ ಕುಟ್ಟೇ ಅಲ್ವಾ ಒಲೆಗೆ ಇಡೋದು?"

ಕುಟ್ಟುತ್ತಿದ್ದೆವು, ನಿಜ. ಜೀವ ಸುಡಬಾರದು ಎಂದು ನಮ್ಮ ಮನೆಗಳಲ್ಲಿ ಸೌದೆ ಕುಟ್ಟಿ ನೋಡದೆ ಒಲೆಗೆ ಇಡುವುದಿಲ್ಲ. ಆದರೆ ಕುಟ್ಟುತ್ತಿದ್ದದ್ದು ಎಲ್ಲಿ? ಹೊಗೆ ಹಿಡಿದ ಕತ್ತಲ ಮೂಲೆಯಲ್ಲಿ, ಸಗಣಿ ಸಾರಿಸಿದ ನೆಲದ ಮೇಲೆ. ಎರಡು ಸಲ ಕುಟ್ಟಿ, ಬಗ್ಗಿ ನೋಡಿ, ಏನೂ ಇಲ್ಲ ಎಂದು ಒಲೆಗೆ ತಳ್ಳುತ್ತಿದ್ದೆವು. ಇರಲಿಲ್ಲವೇ? ಇತ್ತು! ನಮಗೆ ಕಂಡಿರಲಿಲ್ಲ.

"ನಾನು ಈ ಮನೆಗೆ ಬಂದಾಗಿನಿಂದ ದಿನಾ ಒಲೆ ಹಚ್ಚಿದೀನಿ," ಎಂದಳು ಅಕ್ಕ. "ಎಷ್ಟು ಸುಟ್ಟಿದೀನಿ ವಸಂತಾ?"

ನಾನು ಅವಳ ಕೈಯ ಸೌದೆ ತೆಗೆದುಕೊಂಡೆ. ಅವತ್ತು ಹಾಲು ಉಕ್ಕಲಿಲ್ಲ. ತಿಂಡಿ ಎಲ್ಲಿ ಎಂದು ಬಂದ ಭಾವ ಕಲ್ಲು ನೋಡಿದರು, ಹೆಂಡತಿಯ ಮುಖ ನೋಡಿದರು, ಹಸಿದುಕೊಂಡೇ ಅಂಗಡಿಗೆ ಹೋದರು.

ಅಂದಿನಿಂದ ಅಕ್ಕನ ಕೆಲಸವೇ ಬೇರೆಯಾಯಿತು. ಪ್ರತಿ ಸೌದೆಯನ್ನೂ ಬಿಳಿ ಕಲ್ಲಿನ ಮೇಲೆ ಕುಟ್ಟುವುದು, ಕಾಯುವುದು, ಮತ್ತೆ ಕುಟ್ಟುವುದು. ಬಿದ್ದದ್ದನ್ನೆಲ್ಲ ಮೆತ್ತನೆಯ ಬಟ್ಟೆಯಿಂದ ಮುತ್ತುಗದ ಎಲೆಗೆ ಎತ್ತಿಕೊಂಡು ಹಿತ್ತಿಲ ಬೇಲಿಯಲ್ಲಿ ಬಿಟ್ಟು ಬರುವುದು. ಬೆಳಗಿನ ತಿಂಡಿ ಮಧ್ಯಾಹ್ನಕ್ಕೆ ಹೋಯಿತು. ನನ್ನ ಯಜಮಾನರು ಗೊಣಗಿದರು, ಭಾವ ಗುಡುಗಿದರು. ಅಕ್ಕ ಕಲ್ಲಿನಿಂದ ತಲೆ ಎತ್ತಲಿಲ್ಲ.

ಹಾಗಿರುವಾಗಲೇ ಒಬ್ಬರು ಮುನಿಗಳು ಊರಿಗೆ ಬಂದರು. ಮರುದಿನ ಬೆಳಿಗ್ಗೆ ಬೀದಿಯ ಎರಡೂ ಕಡೆ ಬಾಗಿಲು ಬಾಗಿಲಲ್ಲಿ ಕಲಶ. ನಮ್ಮ ಬಾಗಿಲಲ್ಲಿ ಭಾವ, ನಾನು, ನಡುವೆ ಅಕ್ಕ. ಕೋಳಿ ಕೂಗುವ ಮೊದಲೇ ಎದ್ದು ಅಡಿಗೆ ಮುಗಿಸಿದ್ದಳು. ಎಷ್ಟು ವರ್ಷದ ಆಸೆ!

ಮುನಿಗಳು ಮನೆ ಮನೆ ದಾಟಿ ಬಂದರು, ನಮ್ಮ ಮುಂದೆ ನಿಂತರು. ನನ್ನ ಕಣ್ಣಲ್ಲಿ ನೀರು ಬಂದುಬಿಟ್ಟಿತು. ಮನಶುದ್ಧಿ, ವಚನಶುದ್ಧಿ, ಕಾಯಶುದ್ಧಿ ಎಂದು ಮೂವರೂ ಒಟ್ಟಿಗೆ ಹೇಳಿದೆವು. ಉಳಿದದ್ದು ಅಕ್ಕನ ಮಾತು.

ಅಕ್ಕ ಬಾಯಿ ತೆರೆದಳು. ದನಿ ಬರಲಿಲ್ಲ. ನಾನು ಮೊಣಕೈಯಿಂದ ತಿವಿದೆ. ಭಾವ ಹಲ್ಲು ಕಚ್ಚಿ "ಹೇಳೇ" ಎಂದರು. ಮುನಿಗಳು ಕಾದರು, ಮೌನದಲ್ಲಿದ್ದವರು ಇನ್ನೇನು ಮಾಡಿಯಾರು? ಅಕ್ಕನ ತುಟಿ ಅಲುಗಿತು, ಮುಚ್ಚಿಕೊಂಡಿತು. ಅವಳು ಕಲಶ ಕೆಳಗಿಳಿಸಿ ತಲೆ ಬಗ್ಗಿಸಿದಳು. ಮುನಿಗಳು ತಿರುಗಿ ಎದುರುಮನೆಗೆ ನಡೆದರು.

ಜ್ವಾಲಾಮಾಲಿನಿ ಬೀದಿಯ ಕೊನೆಗೆ ಕೇಳುವಂತೆ ಹೇಳಿದಳು, "ಆಹಾರ ಜಲ ಶುದ್ಧ!" ಅವಳ ಅಡಿಗೆಮನೆಗೆ ಕಿಟಕಿಯೇ ಇರಲಿಲ್ಲ. ಮುನಿಗಳು ಒಳಗೆ ಹೋದರು.

ಬಾಗಿಲು ಹಾಕಿಕೊಂಡ ಮೇಲೆ ಭಾವನಿಗೆ ಬಂದ ಸಿಟ್ಟು ಯಾರಿಗೂ ಬೇಡ. "ಮನೆ ಮಾನ ತೆಗೆದ್ಯಲ್ಲೇ! ನಾಳೆನೇ ಲಕ್ಕಯ್ಯನ್ನ ಕರೆಸಿ ಈ ದರಿದ್ರ ಕಲ್ಲು ಕೀಳಿಸ್ತೀನಿ. ಕರೀ ಕಲ್ಲು ಹಾಕಿಸ್ತೀನಿ. ಏನೂ ಕಾಣದೆ ಇದ್ರೆ ಹೇಳ್ತೀಯಲ್ಲ, ಆಗ ಹೇಳು!"

ಮಾರನೆಯ ದಿನ ಲಕ್ಕಯ್ಯ ಹಾರೆ ಹಿಡಿದು ಬಂದೇಬಿಟ್ಟ. ಅಕ್ಕ ಕಲ್ಲಿಗೆ ಬೆನ್ನು ಕೊಟ್ಟು ನಿಂತಿದ್ದಳು. ಕೂಗಲಿಲ್ಲ, ಅಳಲಿಲ್ಲ.

"ಕೀಳಿಸಿ. ಕಲ್ಲು ಕೀಳ್ಬೋದು. ನಾನು ಕಂಡಿದ್ದನ್ನ ಹೆಂಗ್ರೀ ಕೀಳಿಸ್ತೀರಾ?"

ಲಕ್ಕಯ್ಯ ಭಾವನ ಮುಖವನ್ನೂ ಅಕ್ಕನ ಮುಖವನ್ನೂ ನೋಡಿ, "ಒತ್ತಾರೆನೇ ಬಂದ್ಬುಟ್ಟೆ, ಇನ್ನೊಂದಿನ ಬತ್ತೀನಿ ಬುಡಿ ಸಾ," ಎಂದು ಹಾರೆ ಹೆಗಲಿಗೇರಿಸಿ ಹೋದ. ಇನ್ನೊಂದು ದಿನ ಯಾರೂ ಅವನನ್ನು ಕರೆಯಲಿಲ್ಲ.

ಕೆಲವು ತಿಂಗಳು ಕಳೆದ ಮೇಲೆ ಜ್ವಾಲಾಮಾಲಿನಿ ಹಿತ್ತಿಲ ಬಾಗಿಲಿಗೆ ಬಂದಳು, ಕೈಯಲ್ಲೊಂದು ಸೌದೆ ಹಿಡಿದು. ಹಂಗಿಸಲಿಕ್ಕೇ ಬಂದದ್ದು. "ನಿಮ್ಮನೆ ಸೌದೆಲೇ ಹುಳ ಇರ್ಬೇಕು ಕಣ್ರೀ. ತಗೊಳ್ಳಿ, ನಮ್ಮದು ಕುಟ್ಟಿ ನೋಡಿ."

ಅಕ್ಕ ಕುಟ್ಟಿದಳು. ಜ್ವಾಲಾಮಾಲಿನಿ ಬಗ್ಗಿ ನೋಡಿದಳು. ಆಮೇಲೆ ಕೈ ಎತ್ತಿ ತನ್ನ ಬಾಯಿಗೆ ಅಡ್ಡ ಇಟ್ಟುಕೊಂಡಳು, ಕಲ್ಲು ಬಂದ ದಿನ ಇಟ್ಟುಕೊಂಡ ಹಾಗೇ. ಮರುದಿನ ಸೌದೆಯ ಹೊರೆ ತಂದಳು. ಅವಳ ಹಿಂದೆ ಇನ್ನೊಬ್ಬಳು ಬಂದಳು, ಮತ್ತೊಬ್ಬಳು ಬಂದಳು.

ಅರವತ್ತೇಳರಲ್ಲಿ ಬೆಳಗೊಳದಲ್ಲಿ ಮಸ್ತಕಾಭಿಷೇಕ. ಊರ ತುಂಬ ಮುನಿಗಳು. ಬೆಳಗಾಗುವ ಮೊದಲೇ ನಮ್ಮ ಹಿತ್ತಿಲಲ್ಲಿ ಹೆಂಗಸರು ಸೌದೆ ಹಿಡಿದು ಸಾಲಾಗಿ ನಿಲ್ಲುತ್ತಿದ್ದರು. ಅಕ್ಕ ಒಬ್ಬೊಬ್ಬರದನ್ನೂ ಬಿಳಿ ಕಲ್ಲಿನ ಮೇಲೆ ಕುಟ್ಟಿ, ನೋಡಿ, ಎಲೆಗೆ ಎತ್ತಿ, ಮತ್ತೆ ನೋಡಿ ಕೊಡುತ್ತಿದ್ದಳು. ಅವಳು ನೋಡಿಕೊಟ್ಟ ಸೌದೆಯಲ್ಲಿ ಬೇಯಿಸಿ ಬೀದಿಯ ಹೆಂಗಸರೆಲ್ಲ ಬಾಗಿಲಲ್ಲಿ ನಿಂತು ಶುದ್ಧ ಎಂದರು. ಮುನಿಗಳು ಎಲ್ಲರ ಮನೆಯಲ್ಲೂ ಆಹಾರ ತೆಗೆದುಕೊಂಡರು.

ನಮ್ಮ ಮನೆಗೂ ಬಂದರು. ಅಂದು ಅಡಿಗೆ ನಾನು ಮಾಡಿದೆ, ಕೊನೆಯ ಮಾತು ನಾನು ಹೇಳಿದೆ. ಭಾವ ಮುನಿಗಳ ಬೊಗಸೆಗೆ ತುತ್ತು ಹಾಕುವಾಗ ಅವರ ಕೆನ್ನೆ ಒದ್ದೆಯಾಗಿತ್ತು. ನಾನು ಅಕ್ಕನನ್ನು ಕಣ್ಣಲ್ಲೇ ಕರೆದೆ, ಒಂದೇ ಒಂದು ತುತ್ತು ಹಾಕು ಬಾ ಎಂದು. ಅವಳು ಅಡಿಗೆಮನೆಯ ಬಾಗಿಲಲ್ಲಿ ನಿಂತು ಕೈಮುಗಿದಳು. ಹೊಸಿಲು ದಾಟಲಿಲ್ಲ.

ಮುನಿಗಳು ಹೋದ ಮೇಲೆ ನನಗೆ ತಡೆಯಲಾಗಲಿಲ್ಲ. ಒಳಗೆ ಹೋಗಿ ಅವಳ ಮೇಲೆ ಎಗರಾಡಿದೆ.

"ಬೀದಿಗೆಲ್ಲ ಶುದ್ಧ ಮಾಡಿಕೊಟ್ಟವಳು ನೀನು. ಅವರೆಲ್ಲ ಎದೆ ತಟ್ಟಿ ಹೇಳ್ತಾರೆ. ನಿನಗೊಬ್ಬಳಿಗೇ ಬಾಯಿಲ್ವಾ? ಇದನ್ನ ಹೇಳೋಕೆ ಅಂತಲೇ ಅಲ್ವಾ ಹಾಸನಕ್ಕೆ ಹೋಗಿ ಈ ಕಲ್ಲು ತಂದಿದ್ದು?"

ಅಕ್ಕ ನಾಳೆಯ ಒಲೆಗೆ ಬೇಕಾದ ಸೌದೆ ಒಂದನ್ನು ಎತ್ತಿಕೊಂಡು ಕಲ್ಲಿನ ಮೇಲೆ ಮೆಲ್ಲಗೆ ಕುಟ್ಟಿದಳು. ಬಗ್ಗಿ ನೋಡುತ್ತಲೇ ಹೇಳಿದಳು.

"ಕಾಣದೆ ಇದ್ದಿದ್ರೆ ಹೇಳ್ತಿದ್ದೆ ಕಣೆ, ವಸಂತಾ."