ಸುಣ್ಣಕ್ಕೆ ನೀರು ಸೇದುವವರು

ನಮ್ಮ ಇಂಗ್ಲಿಷ್ ಮೇಷ್ಟ್ರ ಬಲಗೈ ತೋರುಬೆರಳು ನಡುವೆ ಸೊಟ್ಟಗಿತ್ತು. ಆ ಬೆರಳಿನಿಂದಲೇ ಗಾಳಿಯಲ್ಲಿ ಪ್ರಶ್ನೆಚಿಹ್ನೆ ಬರೆದು, ಕೊನೆಯ ಚುಕ್ಕೆಯಾಗಿ ಎದುರು ಕೂತವನ ತಲೆ ಮೊಟಕುತ್ತಿದ್ದರು. ನಾನು ಬಾಗಿಲ ಪಕ್ಕ ಒಬ್ಬನೇ ಕೂರುತ್ತಿದ್ದವನು. ಆ ಮೊಟಕು ನನಗೆ ಒಮ್ಮೆಯೂ ಸಿಗಲಿಲ್ಲ. ಅದಕ್ಕೂ ಹೊಟ್ಟೆಕಿಚ್ಚು ಪಟ್ಟಿದ್ದೇನೆ ಎಂದರೆ ಈಗಿನವರು ನಂಬಲಿಕ್ಕಿಲ್ಲ.

ಮಧುಗಿರಿ ಕಡೆಯ ಊರು, ಐವತ್ತರ ದಶಕ. ಊರಾಚೆಯ ಕೇರಿಯಿಂದ ಆ ಶಾಲೆಗೆ ಹೋಗುತ್ತಿದ್ದವನು ನಾನೊಬ್ಬನೇ. ಮೇಷ್ಟ್ರು ಒಳ್ಳೆಯವರು. ಹೊಡೆದವರಲ್ಲ, ಬೈದವರಲ್ಲ. ನನಗೆ ಹಳೆಯ ಪುಸ್ತಕಗಳನ್ನೂ ಕೊಡುತ್ತಿದ್ದರು, ಹೊಸ್ತಿಲ ಮೇಲಿಟ್ಟು. "ಉತ್ತರ ಗೊತ್ತಿರೋನು ಗುಮಾಸ್ತ ಆಗ್ತಾನೆ, ಪ್ರಶ್ನೆ ಕೇಳೋನು ಮನುಷ್ಯ ಆಗ್ತಾನೆ" ಎಂಬುದು ಅವರ ಮಾತು. ನಾನು ಪೆದ್ದ, ಅದನ್ನು ನಂಬಿಬಿಟ್ಟೆ.

ಇನ್‌ಸ್ಪೆಕ್ಟರು ಬರುತ್ತಾರೆಂದು ತರಗತಿಗೆ ಬಣ್ಣ ಬಳಿಯಬೇಕಾಯಿತು. ಮೇಲೆ ಸುಣ್ಣ, ಕೆಳಗೆ ಕೆಮ್ಮಣ್ಣಿನ ಪಟ್ಟೆ. ಕೆಲಸ ಹಂಚುವುದನ್ನೇ ಮೇಷ್ಟ್ರು ಪಾಠ ಮಾಡಿಬಿಟ್ಟರು. "ಹೂ ವಿಲ್ ಬ್ರಿಂಗ್ ದ ಲೈಮ್?" ಎಂದರೆ ಸುಣ್ಣ ತರುವವನು "ಐ ವಿಲ್, ಸಾರ್" ಎನ್ನಬೇಕು. ಏಣಿಗೊಬ್ಬ ಸಿಕ್ಕಿದ, ಕೆಮ್ಮಣ್ಣಿಗೊಬ್ಬ ಸಿಕ್ಕಿದ. ಆಮೇಲೆ "ಹೂ ವಿಲ್ ಡ್ರಾ ದ ವಾಟರ್?" ಎಂದರು. ಬಾವಿಯಿಂದ ನೀರು ಸೇದುವವರು ಯಾರು? ನಾನು ಕೈಯೆತ್ತಿದೆ.

ಪಟೇಲರ ಮಗ, "ಅವ್ನು ಹಗ್ಗ ಮುಟ್ಟಿದ್ರೆ ಬಾವಿನೇ ಮೈಲ್ಗೆ ಆಗ್ತೈತೆ ಸಾ" ಅಂದ. ಮೇಷ್ಟ್ರು ಅವನನ್ನು ಗದರಲಿಲ್ಲ. ನನ್ನ ಕಡೆಗೂ ನೋಡದೆ, "ನೀನು ಸುಣ್ಣ ಕಲೆಸು ಕಣೋ" ಎಂದರು.

ಎದ್ದು ನಿಂತೆ. "ವೈ ಕಾಂಟ್ ಐ ಡ್ರಾ ದ ವಾಟರ್, ಸಾರ್?" ನಾನೇಕೆ ಸೇದಬಾರದು? ಯಾರೂ ಹೇಳಿಕೊಡದೆ ನಾನೇ ಕಟ್ಟಿದ ಮೊದಲ ಇಂಗ್ಲಿಷ್ ಪ್ರಶ್ನೆ ಅದು.

ಸೊಟ್ಟ ಬೆರಳು ಮೇಲೆದ್ದು ಅಲ್ಲೇ ನಿಂತಿತು. "ಕರೆಕ್ಟ್. ಕೂತ್ಕೊ" ಎಂದರು ಮೇಷ್ಟ್ರು.

ಸುದ್ದಿ ನನಗಿಂತ ಮೊದಲೇ ಮನೆ ಸೇರಿತ್ತು. "ಅಂಗೆಲ್ಲ ಕೇಳ್ಬ್ಯಾಡ ಕಣ್ಲಾ, ಇಸ್ಕೂಲ್ ಬುಡಿಸ್ಬುಡ್ತಾರೆ" ಎಂದು ಅವ್ವ ಅತ್ತಳು. ಇಸ್ಕೂಲು ಬಿಡುವ ಧೈರ್ಯ ನನಗೂ ಇರಲಿಲ್ಲ. ಮಾರನೆಯ ದಿನ ಬೇರೆಯವರು ಸೇದಿ ಸುರಿದ ನೀರಿನಲ್ಲಿ ಸುಣ್ಣ ಕಲೆಸಿದೆ. ಅಂಗೈಯೆಲ್ಲ ಬೊಬ್ಬೆಯೆದ್ದಿತು. ನಾನು ಮುಟ್ಟಿದ ಸುಣ್ಣ ನಾಲ್ಕು ಗೋಡೆಗೂ ಬಂತು, ಯಾರಿಗೂ ಮೈಲಿಗೆಯಾಗಲಿಲ್ಲ. ಇನ್‌ಸ್ಪೆಕ್ಟರು ಗೋಡೆ ನೋಡಿ ಮೆಚ್ಚಿಕೊಂಡರು.

ಅರವತ್ತರ ದಶಕದ ಕೊನೆಗೆ, ಕೊರಟಗೆರೆಯಲ್ಲಿ ನಾನೇ ಇಂಗ್ಲಿಷ್ ಮೇಷ್ಟ್ರಾಗಿದ್ದಾಗ, ಅವರನ್ನು ನೋಡಲು ಹೋದೆ. ಹಾಸಿಗೆ ಹಿಡಿದಿದ್ದರು. ಒಳಗೆ ಕರೆಸಿಕೊಂಡು, ಬಹುವಚನದಲ್ಲಿ ಮಾತಾಡಿಸಿದರು. "ಆವತ್ತು ನೀವು ಕೇಳಿದ ಪ್ರಶ್ನೆ ಸರಿಯಾಗಿತ್ತು" ಎಂದರು.

"ಸರಿ ಅಂತ ಆವತ್ತೇ ಹೇಳಿದ್ರಿ ಸಾರ್. ಉತ್ತರ ಹೇಳ್ಲಿಲ್ಲ."

ಅವರು ಗೋಡೆಯ ಕಡೆಗೆ ಹೊರಳಿ ಮಲಗಿದರು. ಆ ಮಳೆಗಾಲ ಕಳೆಯುವುದರೊಳಗೆ ತೀರಿಕೊಂಡರು. ಪ್ರಶ್ನೆ ಕೇಳುವುದನ್ನು ಕಲಿಸಿದವರು ಅವರೇ, ಆ ಋಣ ನನ್ನ ತಲೆಯ ಮೇಲಿದೆ. ಉತ್ತರದ ಋಣವನ್ನು ಅವರು ಹೊತ್ತುಕೊಂಡೇ ಹೋದರು.