ಖಂಡೇನವಮಿಯ ದಿನ ಮುಟ್ಟಿದ ಕಂಪ್ಯೂಟರ್

ಮೊನ್ನೆ ಟ್ರಂಕಿನಲ್ಲಿ ಮಗಳ ಹಳೆಯ ಅಂಕಪಟ್ಟಿ ಹುಡುಕುತ್ತಿದ್ದಾಗ ಒಂದು ಸಿ.ಡಿ. ಕೈಗೆ ಬಂತು. ಕಂಪ್ಯೂಟರ್ ಪತ್ರಿಕೆಗಳ ಜೊತೆ ಪುಕ್ಕಟೆ ಸಿ.ಡಿ. ಬರುತ್ತಿದ್ದ ಕಾಲದ್ದು. ಮೇಲಿನ ಅಕ್ಷರಗಳು ಅರ್ಧ ಅಳಿಸಿದ್ದವು. ಅಂಚಿನಲ್ಲಿ ಮಾತ್ರ ಕಂದುಗೆಂಪಿನ ಒಂದು ಬೆರಳಚ್ಚು ಹಾಗೇ ಇತ್ತು. ಮಗಳು ನೋಡಿ ತುಕ್ಕು ಅಂದಳು. ಸಿ.ಡಿ.ಗೆ ಎಲ್ಲಿಯ ತುಕ್ಕು? ಅದು ಕುಂಕುಮ, ಬೆರಳು ನನ್ನದು. ಅದನ್ನು ಸೀರೆಗಳ ಕೆಳಗೆ ಸರಿಸಿಬಿಟ್ಟೆ. ಇಷ್ಟು ವರ್ಷವಾದರೂ ಮುಖ ಬಿಸಿಯಾಯಿತು.

ಮಾಳಮಡ್ಡಿಯ ಓಣಿಯೊಂದರಲ್ಲಿ ಹಿಟ್ಟಿನ ಗಿರಣಿಯ ಮೇಲೆ ನಮ್ಮ ಸರ್ ಅವರ ಕ್ಲಾಸಿತ್ತು. ಕೆಳಗೆ ಜೋಳ ಬೀಸುತ್ತಿದ್ದರೆ ಮೇಲೆ ನಮ್ಮ ಬೆಂಚುಗಳು ನಡುಗುತ್ತಿದ್ದವು. ಮೊದಲು ಅದು ಟೈಪಿಂಗ್ ಕ್ಲಾಸು. ನಾನು ಅಲ್ಲಿಗೆ ಟೈಪಿಂಗ್ ಕಲಿಯಲು ಹೋದವಳು. ಮದುವೆಯಾಗಿ ಅದೇ ಓಣಿಯಲ್ಲಿ ಉಳಿದದ್ದರಿಂದ ಮುಂದೆ ಅಲ್ಲೇ ಕಲಿಸುವವಳಾದೆ. ಹುಡುಗರು ನನ್ನನ್ನು ಮೇಡಂ ಅನ್ನುತ್ತಿದ್ದರು, ಸರ್ ಮಾತ್ರ ತಂಗಿ ಅನ್ನುತ್ತಿದ್ದರು.

ಸರ್ ಗರಗದವರು, ಮಗ್ಗದ ಮನೆಯಲ್ಲಿ ಹುಟ್ಟಿದವರು. ಟೈಪಿಂಗ್ ಕಲಿಯುವವರು ಕಡಿಮೆಯಾಗಿ ಎಲ್ಲರೂ ಕಂಪ್ಯೂಟರ್ ಅನ್ನತೊಡಗಿದಾಗ ಅವರಿಗೆ ಐವತ್ತು ದಾಟಿತ್ತು. ಬೇರೆ ಯಾರಾದರೂ ಆಗಿದ್ದರೆ ಬಾಗಿಲು ಹಾಕಿಕೊಂಡು ಊರು ಸೇರುತ್ತಿದ್ದರು. ಇವರು ಹುಬ್ಬಳ್ಳಿಗೆ ಹೋಗಿ, ತಾವೇ ಟೈಪಿಂಗ್ ಕಲಿಸಿದ ಹುಡುಗನೊಬ್ಬನ ಕ್ಲಾಸಿನಲ್ಲಿ ಮುಂದಿನ ಬೆಂಚಿನ ಮೇಲೆ ಕೂತು ಕಲಿತು ಬಂದರು. ಆಗ ನಮಗೆಲ್ಲ ಅದೊಂದು ನಗೆಯ ಸಂಗತಿ. ನಾನೂ ನಕ್ಕಿದ್ದೇನೆ...

ಎರಡು ಸಾವಿರದ ಇಸವಿ ದಾಟಿ ಮೂರೋ ನಾಲ್ಕೋ ವರ್ಷವಾಗಿತ್ತು. ಹುಬ್ಬಳ್ಳಿಯಲ್ಲಿ ಗಾಜಿನ ಬಾಗಿಲಿನ, ಎ.ಸಿ. ಇರುವ ಕಂಪ್ಯೂಟರ್ ಕ್ಲಾಸುಗಳು ಎದ್ದಿದ್ದವು. ಗಿರಣಿಯ ಮೇಲೆ ಹಿಟ್ಟಿನ ಧೂಳು ತಿನ್ನುತ್ತ ಕಲಿಯಲು ಯಾರು ಬರುತ್ತಾರೆ? ಆ ಹೊತ್ತಿಗೆ ಅಮರಗೋಳದ ಕಡೆಯ ಒಂದು ಸೊಸೈಟಿಯವರು ತಮ್ಮ ಗುಮಾಸ್ತರಿಗೆಲ್ಲ ಕಂಪ್ಯೂಟರ್ ಕಲಿಸುತ್ತೀರಾ ಎಂದು ಕೇಳಿಕೊಂಡು ಬಂದರು. ಅವರ ಅಧ್ಯಕ್ಷರಿಗೆ ವಿಂಡೋಸಿನ ಕೆಲಸವನ್ನೇ ಮಾಡುವ ಲಿನಕ್ಸ್ ಪುಕ್ಕಟೆ ಸಿಗುತ್ತದೆಂದು ಯಾರೋ ಹೇಳಿದ್ದರು. ಹಾಗಾಗಿ ಒಂದೇ ಮಷೀನಿನಲ್ಲಿ ವಿಂಡೋಸೂ ಬೇಕು, ಲಿನಕ್ಸೂ ಬೇಕು. ದಸರೆಯ ದಿನ ಬಂದು ನೋಡಿ, ಒಪ್ಪಿದರೆ ಅವತ್ತೇ ಮುಹೂರ್ತದ ಪಾಠ. ಅವರು ಬರದಿದ್ದರೆ ದೀಪಾವಳಿಗೆ ಕ್ಲಾಸು ಮುಚ್ಚುವುದೇ ಎಂದು ಸರ್ ನನಗೊಬ್ಬಳಿಗೆ ಹೇಳಿದ್ದರು.

ಪತ್ರಿಕೆಯೊಂದರ ಜೊತೆ ಬಂದಿದ್ದ ಸಿ.ಡಿ. ಹಾಕಿ ಲಿನಕ್ಸನ್ನು ಇಬ್ಬರೂ ಕೂತು ಕೂಡಿಸಿದೆವು. ಮಷೀನು ಚಾಲೂ ಮಾಡಿದರೆ ಎರಡೂ ಹೆಸರು ಬರುತ್ತಿದ್ದವು, ಬೇಕಾದ್ದನ್ನು ಆರಿಸಿಕೊಳ್ಳಬಹುದಿತ್ತು. ಅಲ್ಲಿಗೆ ಬಿಟ್ಟಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ಸರ್‌ಗೆ ವಿಂಡೋಸಿನ ಪಾಲಿಗೆ ಜಾಗ ಕಡಿಮೆಯಾಯಿತು ಅನ್ನಿಸಿತು. ಹಾರ್ಡ್ ಡಿಸ್ಕ್ ಅಂದರೆ ಒಂದು ಮನೆ, ಪಾರ್ಟಿಶನ್ ಅಂದರೆ ಅದರೊಳಗಿನ ಗೋಡೆ ಎಂದು ಅವರೇ ಹುಡುಗರಿಗೆ ಕಲಿಸುತ್ತಿದ್ದರು. ಖಂಡೇನವಮಿಯ ಹಿಂದಿನ ಸಂಜೆ ಒಂದು ಗೋಡೆ ಕೆಡವಿ ಇನ್ನೊಂದನ್ನು ಸರಿಸಿದರು. ಮತ್ತೆ ಚಾಲೂ ಮಾಡಿದಾಗ ಕಪ್ಪು ಪರದೆಯ ಮೇಲೆ ಗ್ರಬ್ ಎಂಬ ಅಕ್ಷರಗಳು, ಮುಂದೆ ಒಂದು ಎರರ್ ನಂಬರು. ವಿಂಡೋಸೂ ಇಲ್ಲ, ಲಿನಕ್ಸೂ ಇಲ್ಲ.

ಸರ್ ಬಂದ್ ಮಾಡಿ ಚಾಲೂ ಮಾಡಿದರು, ವೈರು ಬಿಚ್ಚಿ ಹಾಕಿದರು. ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಕಡೆಗೆ ನನ್ನ ಕಡೆ ನೋಡದೆ, ಯಾರ ಮುಂದೂ ಹೇಳಬ್ಯಾಡ ತಂಗಿ, ಅಂದರು. ಆ ಒಂದು ಮಾತನ್ನು ನಾನು ಹಿಡಿದುಕೊಂಡುಬಿಟ್ಟೆ.

ಮನೆಗೆ ಬಂದು ಆ ಪತ್ರಿಕೆ ತೆಗೆದು ಓದಿದೆ. ಸಂಗತಿ ಅಷ್ಟೇನೂ ದೊಡ್ಡದಿರಲಿಲ್ಲ. ಒಳಗಿನ ಸಾಮಾನೆಲ್ಲ ಇದ್ದಲ್ಲೇ ಇತ್ತು. ಗೋಡೆ ಸರಿದದ್ದರಿಂದ ಕೋಣೆಗಳ ನಂಬರು ಬದಲಾಗಿ, ಬಾಗಿಲಲ್ಲಿ ನಿಂತು ದಾರಿ ತೋರಿಸುವ ಗ್ರಬ್ ಎಂಬ ಕಾವಲುಗಾರ ಹಳೆಯ ನಂಬರನ್ನೇ ಹುಡುಕುತ್ತಿದ್ದ. ಸಿ.ಡಿ.ಯಿಂದ ಮಷೀನು ಎಬ್ಬಿಸಿ ಹೊಸ ನಂಬರು ತಿಳಿಸಿದರೆ ಮುಗಿಯಿತು.

ಮರುದಿನ ಹೇಳೋಣವೆಂದು ಬೇಗನೇ ಹೋದೆ. ಅಷ್ಟರಲ್ಲಿ ಪೂಜೆ ಆಗಿಹೋಗಿತ್ತು. ಎಲ್ಲ ಕಂಪ್ಯೂಟರಿಗೂ ಚೆಂಡುಹೂವಿನ ಮಾಲೆ, ಡಬ್ಬಿಗಳ ಮೇಲೆ ಕುಂಕುಮದ ಬೊಟ್ಟು. ಕೆಟ್ಟ ಮಷೀನಿಗೆ ಎಲ್ಲಕ್ಕಿಂತ ದೊಡ್ಡ ಮಾಲೆ. ನವಮಿಗೆ ಪೂಜೆಯಾದ ಮೇಲೆ ಮರುದಿನ ಆರತಿ ಬೆಳಗುವವರೆಗೆ ಯಾರೂ ಆಯುಧ ಮುಟ್ಟುವ ಹಾಗಿಲ್ಲ. ಸರ್ ಇದರಲ್ಲಿ ಬಲು ಕಟ್ಟುನಿಟ್ಟು. ಹುಡುಗರೆಲ್ಲ ಪ್ರಸಾದಕ್ಕೆ ಕೈ ಚಾಚಿ ನಿಂತಿದ್ದರು. ಅವರೆದುರು ಹೇಗೆ ಹೇಳುವುದು ಎಂದು ಸುಮ್ಮನಾದೆ. ಖರೆ ಹೇಳಬೇಕೆಂದರೆ, ಹೇಳಿದರೆ ಸರ್‌ಗೆ ಅವಮಾನ ಎಂದು ನಾನೇ ತೀರ್ಮಾನಿಸಿಬಿಟ್ಟಿದ್ದೆ. ಅವರನ್ನು ಕೇಳಿದ್ದೆನೇ? ಇಲ್ಲ.

ಮಧ್ಯಾಹ್ನ ಅವರು ಊಟಕ್ಕೆ ಹೋದ ಮೇಲೆ ನನ್ನ ಬಳಿಯಿದ್ದ ಕೀಲಿಯಿಂದ ಬಾಗಿಲು ತೆಗೆದೆ. ಗಿರಣಿಗೂ ಪೂಜೆಯಾಗಿದ್ದರಿಂದ ಕೆಳಗೆ ಸದ್ದೇ ಇರಲಿಲ್ಲ. ಮಾಲೆ ಎತ್ತಿ ಪಕ್ಕಕ್ಕಿಟ್ಟೆ. ಸಿ.ಡಿ. ಹಾಕುವ ತಟ್ಟೆಯ ಬಾಗಿಲ ಮೇಲೇ ಸರ್ ಬೊಟ್ಟು ಇಟ್ಟಿದ್ದರು. ಅದು ಬೆರಳಿಗೆ ಹತ್ತಿತು, ಬೆರಳಿನಿಂದ ಸಿ.ಡಿ.ಗೆ. ಎರಡು ಸಲ ತಪ್ಪಿ ಮೂರನೆಯ ಸಲಕ್ಕೆ ಸರಿಯಾಯಿತು. ಎರಡೂ ಹೆಸರು ಪರದೆಯ ಮೇಲೆ ಬಂದಾಗ ಎಷ್ಟು ಹಿಗ್ಗಿದೆನೆಂದರೆ, ಯಾರಿಗಾದರೂ ಹೇಳಿಕೊಳ್ಳುವ ಆಸೆ ತಡೆಯುವುದೇ ಕಷ್ಟವಾಯಿತು. ಮಾಲೆಯನ್ನು ಮತ್ತೆ ಇದ್ದ ಹಾಗೇ ಹಾಕಿ, ಬೊಟ್ಟು ಕದಡಿದ್ದನ್ನು ಗಮನಿಸದೆ ಮನೆಗೆ ಬಂದೆ. ನಾಳೆ ಸರ್ ಗುಂಡಿ ಒತ್ತುತ್ತಾರೆ, ಅದು ತಾನಾಗಿ ಸರಿಹೋಯಿತು ಅಂದುಕೊಳ್ಳುತ್ತಾರೆ, ಮರ್ಯಾದೆ ಉಳಿಯುತ್ತದೆ... ಇದು ನನ್ನ ಲೆಕ್ಕ.

ದಸರೆಯ ಬೆಳಗ್ಗೆ ಅಧ್ಯಕ್ಷರು ಗುಮಾಸ್ತರನ್ನು ಕರೆದುಕೊಂಡು ಬಂದರು. ಆರತಿಯಾಯಿತು. ನಾನು ಬಾಗಿಲ ಹತ್ತಿರ ನಿಂತು ಸರ್ ಗುಂಡಿ ಒತ್ತುವುದನ್ನೇ ಕಾಯುತ್ತಿದ್ದೆ. ಅವರು ಒತ್ತಲಿಲ್ಲ. ಮಷೀನಿನ ಮೇಲೆ ಕೈಯಿಟ್ಟು ಎಲ್ಲರ ಕಡೆ ತಿರುಗಿದರು.

"ಖರೇ ಹೇಳಿಬಿಡ್ತೇನ್ರಿ. ಈ ಮಷೀನ್ ನಾನ ಕೆಡಸೇನಿ. ಕೋಣಿ ದೊಡ್ಡದು ಮಾಡಾಕ ಹೋಗಿ ಬಾಗಲಾ ಮುಚ್ಚಿಬಿಟ್ಟೇನಿ. ಚಾಲೂ ಆಗೂದಿಲ್ಲ. ಅದು ಯಾಕ ಕೆಟ್ಟತು ಅಂತ ನೋಡೂದರಿಂದನ ನಮ್ಮ ಪಾಠಾ ಶುರು ಮಾಡೂಣು. ನೀವೂ ಕಲೀರಿ, ನಾನೂ ಕಲೀತೇನಿ."

ರಾತ್ರಿಯೆಲ್ಲ ಯೋಚಿಸಿ ಅವರು ಆ ಮಾತಿಗೆ ಬಂದಿರಬೇಕು. ನಾನು ಸರ್ ತಡೆಯಿರಿ ಎನ್ನಬೇಕಿತ್ತು. ಕೆಟ್ಟದ್ದನ್ನು ತೋರಿಸಲೆಂದು ಅವರು ಗುಂಡಿ ಒತ್ತಿದರು. ಪರದೆಯ ಮೇಲೆ ಎರಡೂ ಹೆಸರು ಠಾಕಠೀಕಾಗಿ ಬಂದು ನಿಂತವು.

ಅಧ್ಯಕ್ಷರು ಬಗ್ಗಿ ನೋಡಿ, ಛಲೋ ನಡದೈತೆಲ್ಲರಿ ಸರ್, ಅಂದರು. ಗುಮಾಸ್ತರು ನಕ್ಕರು. ಹಿಂದಿದ್ದ ಒಬ್ಬನು ಮೆಲ್ಲಗೆ, ಕೆಟ್ಟದ್ದು ಮಷೀನ್ ಅಲ್ಲ ಬಿಡ್ರಿ, ಅಂದದ್ದು ನನಗೆ ಕೇಳಿಸಿತು. ಸರ್‌ಗೂ ಕೇಳಿಸಿತು. ಅವರ ಕಣ್ಣು ಕದಡಿದ ಕುಂಕುಮದ ಮೇಲೆ ಬಿತ್ತು, ಅಲ್ಲಿಂದ ನನ್ನ ಮೇಲೆ. ಆ ಕಣ್ಣಲ್ಲಿ ಸಿಟ್ಟಿದ್ದರೆ ತಡೆದುಕೊಳ್ಳುತ್ತಿದ್ದೆ, ಸಿಟ್ಟಿರಲಿಲ್ಲ.

"ನಮ್ಮ ಮೇಡಂ ನೆಟ್ಟಗ ಮಾಡ್ಯಾರ," ಅಂದರು. "ನನಗ ಗೊತ್ತಿದ್ದಿಲ್ಲ. ಪಾಠಾ ಅವರ ಹೇಳ್ತಾರ."

ಕುರ್ಚಿ ಬಿಟ್ಟು ಎದ್ದರು. ನಾನು ಕೂತೆ. ಸೊಸೈಟಿಯವರು ಒಪ್ಪಿದರು, ಕ್ಲಾಸು ಉಳಿಯಿತು. ಅವತ್ತು ನಾನು ಏನು ಕಲಿಸಿದೆನೋ ಒಂದಕ್ಷರವೂ ನೆನಪಿಲ್ಲ.

ಸಂಜೆ ಬನ್ನಿಯ ಎಲೆ ಕೊಡಲು ಅವರ ಮನೆಗೆ ಹೋದೆ. ಎಂಥ ಮನಸ್ತಾಪವಿದ್ದರೂ ಅವತ್ತು ಬನ್ನಿ ಕೊಟ್ಟು ತಗೊಂಡು ಮುಗಿಸುವುದು ನಮ್ಮ ಕಡೆಯ ರೂಢಿ. ಆ ಧೈರ್ಯದ ಮೇಲೇ ಹೋದದ್ದು. ಅವರು ಬನ್ನಿ ತಗೊಂಡರು, ಬಂಗಾರದಂಗ ಇರು ಎಂದು ತಾವೂ ಕೊಟ್ಟರು. ನಾನು ಕಾಲಿಗೆ ಬಿದ್ದು, ತಪ್ಪಾತ್ರಿ ಸರ್, ನಿಮ್ಮ ಮರ್ಯಾದಿ ಕಡಿಮಿ ಆಗಬಾರದಂತ ಹಂಗ ಮಾಡಿದೆ, ಅಂದೆ.

"ಪೂಜಾ ಆದದ್ದು ಮುಟ್ಟಿದಿ ಅಂತನೂ ಸಿಟ್ಟಿಲ್ಲ ತಂಗಿ, ನಗಾಡಿದರು ಅಂತನೂ ಇಲ್ಲ," ಅಂದರು ಸರ್. "ನನ್ನ ಬಾಜೂಕ ಕುಂದರಿಸಿಕೊಂಡು ಮಾಡಿದ್ದರ ನಾನೂ ಕಲೀತಿದ್ದೆ."

ಈಗಲೇ ತೋರಿಸುತ್ತೇನೆ ಬನ್ನಿ ಎಂದೆ. ಅವರು ನಕ್ಕುಬಿಟ್ಟರು.

"ಈಗೇನ್ ತೋರಸ್ತಿ? ಅದು ನೆಟ್ಟಗ ಐತೆಲ್ಲ."

ಅವರ ಮನೆಯವರು ಹೋಳಿಗೆ ತಂದಿಟ್ಟರು. ಒಂದು ತುತ್ತು ತಿಂದು ಎದ್ದೆ.

ಮುಂದೆ ಸರ್ ಆ ಮಷೀನಿನ ಮುಂದೆ ಕೂರಲಿಲ್ಲ. ಉಳಿದಿದ್ದ ಒಂದೆರಡು ಟೈಪಿಂಗ್ ಹುಡುಗಿಯರಿಗೆ ಕಲಿಸುತ್ತ ಮೂಲೆಯಲ್ಲಿರುತ್ತಿದ್ದರು. ನನ್ನೊಡನೆ ಮಾತು ಮೊದಲಿನಂತೇ ಇತ್ತು. ಆದರೆ ಏನಾದರೂ ಹೊಸದು ಬಂದರೆ, ಬಾರ ತಂಗಿ, ಇದೇನೈತಿ ನೋಡೂಣು ಎಂದು ಕರೆಯುವುದು ನಿಂತುಹೋಯಿತು. ಎರಡು ವರ್ಷಕ್ಕೆ ಅವರು ತೀರಿಕೊಂಡರು. ಕ್ಲಾಸೂ ಅವರ ಹಿಂದೆಯೇ ಹೋಯಿತು.

ಈಗ ಆ ಮಹಡಿಯಲ್ಲಿ ಯಾರೋ ಬ್ಲೌಸ್ ಹೊಲಿಯುತ್ತಾರೆ. ನಾನೊಂದು ಶಾಲೆಯಲ್ಲಿ ಕಂಪ್ಯೂಟರ್ ಕಲಿಸುತ್ತೇನೆ. ಮಕ್ಕಳು ಏನು ಕೆಡಿಸಿದರೂ ಅವರನ್ನು ಏಳಗೊಡದೆ ಪಕ್ಕದಲ್ಲೇ ಕೂರಿಸಿಕೊಂಡು ಸರಿಮಾಡುತ್ತೇನೆ. ಮೇಡಂಗೆ ಎಷ್ಟು ತಾಳ್ಮೆ ಅನ್ನುತ್ತಾರೆ. ಹಾಗೆ ಅಂದಾಗಲೆಲ್ಲ ನನಗೆ ತಲೆ ತಗ್ಗಿಸುವಂತಾಗುತ್ತದೆ. ಆ ಎರಡು ವರ್ಷವೂ ಮಷೀನು ನನ್ನ ಕೈಯಲ್ಲೇ ಇತ್ತು, ಕ್ಲಾಸಿನ ಕೀಲಿಯೂ ನನ್ನ ಸೊಂಟದಲ್ಲೇ ಇತ್ತು. ಯಾವುದಾದರೂ ಒಂದು ಬೆಳಗ್ಗೆ ನಾನೇ ಅದನ್ನು ಮತ್ತೆ ಕೆಡಿಸಿ, ಸರ್ ಬರ್ರಿ, ಇಬ್ಬರೂ ಕೂತು ನೋಡೂಣು ಅಂದಿದ್ದರೆ ಆಗುತ್ತಿತ್ತು. ಅಷ್ಟು ಸುಲಭದ ಈ ಮಾತು ನನಗೆ ಹೊಳೆದದ್ದು ಅವರ ಮಣ್ಣಿಗೆ ಹೋಗಿ ಬಂದು ತಲೆಯ ಮೇಲೆ ನೀರು ಹಾಕಿಕೊಳ್ಳುವಾಗ.