ಹೊಟ್ಟಿನ ನಡತೆ ಬಲ್ಲ ಗದಿಗೆಮ್ಮ

ಬೆಳಗಿನ ಐದೂವರೆ. ತಾರ್ನಾಕ ಬಡಾವಣೆಯ ಹಿಂದಿನ ಗಲ್ಲಿಯ ತಗಡಿನ ಶೆಡ್ಡಿನಲ್ಲಿ ಗದಿಗೆಮ್ಮ ದೊಡ್ಡ ಆಲಿಕೆಯಿಂದ ಶೇಂಗಾ ಹೊಟ್ಟನ್ನು ಹಲಗೆಯ ಮೇಲೆ ಮೆಲ್ಲಗೆ ಸುರಿಯುತ್ತಿದ್ದಾರೆ. ರಾಶಿ ಏಳುತ್ತದೆ, ಜಾರುತ್ತದೆ, ನಿಲ್ಲುತ್ತದೆ. ಅದರ ಇಳಿಜಾರಿಗೆ ಕೋನಮಾಪಕ ಹಿಡಿದು ವಹಿಯಲ್ಲಿ ಬರೆದುಕೊಳ್ಳುತ್ತಾರೆ: ನಲವತ್ತೊಂದು. "ಕಂಪನಿ ಬಸ್ಸು, ಸಿಮೆಂಟಿನ ಲಾರಿ ಚಾಲೂ ಆದ್ರ ನೆಲ ನಡಗತೈತ್ರಿ, ರಾಶಿ ತಾನ ಕುಸೀತೈತಿ. ಅದಕ್ಕ ನಸುಕಿನ್ಯಾಗ ಬರ್ತೀನಿ."

ಊರಿಗೆ ಊರೇ ಕಂಪ್ಯೂಟರಿನ ಬೆನ್ನು ಹತ್ತಿರುವ ಕಾಲವಿದು. ಅಮೀರ್‌ಪೇಟೆಯ ಗೋಡೆಗಳಲ್ಲಿ ಇನ್ನೊಂದು ಕೋರ್ಸಿನ ಚೀಟಿ ಅಂಟಿಸಲು ಜಾಗವಿಲ್ಲ. ಹೊಟ್ಟು ಹೇಗೆ ಜಾರುತ್ತದೆಂಬುದು ಯಾರಿಗೆ ಬೇಕು? ಬೇಕು ಸ್ವಾಮಿ! ಹೊಟ್ಟು ಉರಿಸುವ ಬಾಯ್ಲರಿಗೆ ಹಾಪರ್ ಬೇಕು. ಹಿಟ್ಟಿನ ಗಿರಣಿಯಲ್ಲಿ ಕಾಳು ಸುರಿಯುವ ಡಬ್ಬದಂಥದೇ, ಆದರೆ ಮನೆಯಷ್ಟು ದೊಡ್ಡದು. ಅದರ ಬಾಯಿ ಎಷ್ಟಗಲ, ಗೋಡೆ ಎಷ್ಟು ಕಡಿದಾಗಿರಬೇಕು ಎನ್ನುವುದಕ್ಕೆ ರಾಶಿಯ ಈ ಕೋನವೇ ಆಧಾರ. ಆ ಲೆಕ್ಕ ತಪ್ಪಿದರೆ ಹೊಟ್ಟು ಬಾಯಲ್ಲೇ ಕಮಾನು ಕಟ್ಟಿ ಕೂರುತ್ತದೆ, ಬಾಯ್ಲರ್ ಆರುತ್ತದೆ.

ಯಾದಗಿರಿ ಕಡೆಯ ಗದಿಗೆಮ್ಮ ಗಂಡ ಸಾಬಣ್ಣನ ಜೊತೆ ಗಾರೆ ಕೆಲಸಕ್ಕೆ ಬಂದವರು. ಹಾಪರ್ ಕಟ್ಟುವವರ ಈ ಶೆಡ್ಡಿಗೆ ಕಸ ಗುಡಿಸಲು ಸೇರಿ, ಬೇಗನೆ ಅಳತೆಗೆ ಕೈ ಹಚ್ಚಿ ಒಂಬತ್ತು ವರ್ಷ. ಈಗ ದಿನಕ್ಕೆ ಇಪ್ಪತ್ತು ರಾಶಿ, ಹದಿನೈದು ಡಬ್ಬದ ತೂಕ. ಸಡಿಲ ತುಂಬಿ ಒಮ್ಮೆ, ಕುಟ್ಟಿ ತುಂಬಿ ಒಮ್ಮೆ. ದೂಳಿನ ಕೆಮ್ಮು ಬೇರೆ, ಖಾಯಂ ಆಗಿ ಬಿಟ್ಟಿದೆ.

ಮೂರು ವರ್ಷದ ಹಿಂದೆ ಇವರ ಕೈಯಿಂದ ಒಂದು ಎಡವಟ್ಟಾಯಿತು. ತವರಿನ ಕಡೆಯ ಎಣ್ಣೆ ಮಿಲ್ಲಿನಿಂದ ಅಳತೆಗೆ ಬಂದ ಹೊಟ್ಟಿನ ಚೀಲ ಬಿಚ್ಚಿದರೆ ಊರ ಮಣ್ಣಿನ ವಾಸನೆ! ಗದಿಗೆಮ್ಮ ಆ ಹೊಟ್ಟನ್ನು ಮೊರದಲ್ಲಿ ಕೇರಿ, ಕಡ್ಡಿ ಆರಿಸಿ, ಬಿಸಿಲಿಗೆ ಹಾಕಿ, ಆಮೇಲೆ ಅಳೆದರು. "ತವರಿಂದ ಬಂದೈತಿ, ಹಸನ ಮಾಡಲಾರ್ದ ಹ್ಯಾಂಗ ಅಳೀಲ್ರಿ?" ಹಸನಾದ ಹೊಟ್ಟು ನೀರಿನ ಹಾಗೆ ಇಳಿಯಿತು. ಆ ಅಂಕಿ ನಂಬಿ ಕಟ್ಟಿದ ಹಾಪರ್ ಮಿಲ್ಲಿನಲ್ಲಿ ಮೊದಲ ದಿನವೇ ಕಟ್ಟಿಕೊಂಡಿತು. ಎಂಜಿನಿಯರ್ ನರಹರಿಯವರು ಬೈಯಲಿಲ್ಲ. "ಅಲ್ಲಿ ಯಾರೂ ಕೇರಿ ಹಾಕೋದಿಲ್ಲಮ್ಮ" ಎಂದರಷ್ಟೆ. ಬೈದಿದ್ದರೆ ಮರೆಯಬಹುದಿತ್ತೇನೋ.

ಅಂದಿನಿಂದ ಬಂದದ್ದನ್ನು ಬಂದ ಹಾಗೇ, ಮಣ್ಣು ಕಡ್ಡಿ ಸಮೇತ ಅಳೆಯುತ್ತಾರೆ. ಅದೇ ಮಿಲ್ಲಿಗೆ ಹೊಸ ಹಾಪರ್ ಎದ್ದಿದೆ. ಈ ಸಲದ ಅಂಕಿಯೂ ಇವರದೇ. ಬರುವ ಗುರುವಾರ ಅದರ ಬಾಯಿ ತೆರೆಯುತ್ತಾರೆ. ಒಂಬತ್ತು ವರ್ಷದಲ್ಲಿ ತಾವು ಅಳೆದ ಒಂದೇ ಒಂದು ಹಾಪರನ್ನೂ ಗದಿಗೆಮ್ಮ ಕಣ್ಣಾರೆ ಕಂಡಿಲ್ಲ. ಜೀಪಿನ ತುಂಬ ಎಂಜಿನಿಯರುಗಳು, ಇವರಿಗೆ ಜಾಗವಿಲ್ಲ. ಆ ಮಾತು ಬಂದಾಗ ಕೈ ಕೆಲಸ ನಿಲ್ಲಿಸಿ ರಸ್ತೆ ನೋಡುತ್ತಾರೆ. ಹೋಗಬೇಕೆಂಬ ಆಸೆ ಆ ಮುಖದಲ್ಲಿ ಎದ್ದು ಕಾಣುತ್ತದೆ.

"ಜೀಪ್ ಬ್ಯಾಡ್ರಿ. ಚೀಲ ತರೋ ಟೆಂಪೋ ಹೋಗಾಗ ಖಾಲೀನ ಹೋಗತೈತಲ್ಲ, ಹಿಂದ ಕುಂದರ್ತೀನಿ. ಹೊಟ್ಟು ಇಳಿಯೋದು ಒಮ್ಮೆ ನೋಡಬೇಕು" ಎನ್ನುತ್ತಾರೆ.

ಈ ಸಲವೂ ಇಳಿಯದಿದ್ದರೆ?

"ನಿಂತ್ರ, ನನ್ನ ಎದುರಿಗೇ ನಿಲ್ಲಲಿ ಬಿಡ್ರಿ."